ಪೊಲೀಸ್ ಪತ್ರದಲ್ಲಿ ಏನೂ ಇಲ್ಲ, ಹಳೆಯ ಹೆಡ್ ಮಾಸ್ತರರು ಮಾತಾಡುತ್ತಿಲ್ಲ: ಈ ಶಿಕ್ಷಕರನ್ನು ನೇಮಿಸಿಕೊಳ್ಳಬೇಕೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನಮ್ಮ ಸಂಸ್ಥೆಯ ಶಾಲೆ ಇದೆ. ಎಲ್‌ಕೆಜಿಯಿಂದ ಹತ್ತನೆಯ ತರಗತಿಯವರೆಗೆ ಸುಮಾರು 480 ಮಕ್ಕಳು, 34 ಸಿಬ್ಬಂದಿ. ನಾನು ಸಂಸ್ಥೆಯ ಕಾರ್ಯದರ್ಶಿ. ಈ ವರ್ಷ ದೈಹಿಕ ಶಿಕ್ಷಕರ ಹುದ್ದೆಗೆ ಗದಗ ಜಿಲ್ಲೆಯ ಒಂದು ಶಾಲೆಯಲ್ಲಿ ಐದು ವರ್ಷ ದುಡಿದವರೊಬ್ಬರು ಅರ್ಜಿ ಹಾಕಿದ್ದಾರೆ. ಸಂದರ್ಶನ ಚೆನ್ನಾಗಿ ಆಯಿತು. ಅನುಭವ ಪ್ರಮಾಣಪತ್ರದಲ್ಲಿ ‘ನಡತೆ ಉತ್ತಮ, ಸ್ವಂತ ಕಾರಣಗಳಿಂದ ರಾಜೀನಾಮೆ’ ಎಂದಿದೆ. ಪೊಲೀಸ್ ಪರಿಶೀಲನೆಯಲ್ಲೂ ಯಾವ ಪ್ರಕರಣವಿಲ್ಲ ಎಂದು ಬಂದಿದೆ. ಆದರೆ ಅವರ ಹಿಂದಿನ ಹೆಡ್ ಮಾಸ್ತರರಿಗೆ ಫೋನ್ ಮಾಡಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಏನೂ ಕೇಳಬ್ಯಾಡ್ರಿ ಸರ್, ನೀವ ವಿಚಾರ ಮಾಡ್ರಿ” ಎಂದು ಫೋನ್ ಇಟ್ಟರು. ಶಾಲೆ ಶುರುವಾಗಲು ಹದಿನೈದು ದಿನ ಉಳಿದಿದೆ. ಮಂಡಳಿಯಲ್ಲಿ ಅರ್ಧ ಜನ “ಕಾಗದ ಸರಿ ಇದ್ದಾವು, ತಗೊಳ್ಳೋಣ” ಎನ್ನುತ್ತಾರೆ, ಉಳಿದವರು ಬೇಡವೇ ಬೇಡ ಎನ್ನುತ್ತಾರೆ. ಬರೀ ಒಂದು ಮೌನದ ಮೇಲೆ ಒಬ್ಬರ ಅನ್ನ ಕಸಿಯುವುದು ಸರಿಯೇ? ಇನ್ನೊಂದು ವಿಷಯ. ಕಳೆದ ವರ್ಷ ನಮ್ಮ ಶಾಲಾ ಗಾಡಿಯ ಕ್ಲೀನರ್ ಒಬ್ಬನು ಮಕ್ಕಳನ್ನು ಇಳಿಸುವಾಗ ಮೈ ಮುಟ್ಟುವ ರೀತಿ ಸರಿಯಿಲ್ಲವೆಂದು ನಾಲ್ಕನೆಯ ತರಗತಿಯ ಹುಡುಗಿಯ ತಾಯಿ ಬಂದು ಹೇಳಿದ್ದರು. ಮಗುವಿನ ಹೆಸರು ಹೊರಗೆ ಬರುವುದು ಬೇಡವೆಂದು ಅವನನ್ನು ಮರುದಿನವೇ ಬಿಡಿಸಿದೆವು, ತೊಂದರೆಯಾಗದಿರಲೆಂದು ಒಂದು ಪತ್ರವನ್ನೂ ಕೊಟ್ಟೆವು. ಈಗ ಹುಬ್ಬಳ್ಳಿಯ ಒಂದು ಶಾಲೆಯವರು ಅವನ ಬಗ್ಗೆ ಕೇಳಿದಾಗ ನಮ್ಮ ಹೆಡ್ ಮಾಸ್ತರರು “ಹುಡುಗ ಚೊಲೊ ಇದ್ದಾನ” ಎಂದಷ್ಟೇ ಹೇಳಿದ್ದಾರೆ. ಇದರಿಂದ ಮುಂದೆ ನಮಗೇನಾದರೂ ಬರಬಹುದೇ?

ಉತ್ತರ: ನಿಮ್ಮ ಪತ್ರದ ಮೊದಲ ಭಾಗದಲ್ಲಿ ಒಂದು ಶಾಲೆ ನಿಮ್ಮಿಂದ ಏನನ್ನೋ ಮುಚ್ಚಿಡುತ್ತಿದೆ ಎಂಬ ಆತಂಕವಿದೆ, ಎರಡನೆಯ ಭಾಗದಲ್ಲಿ ನೀವೇ ಇನ್ನೊಂದು ಶಾಲೆಯಿಂದ ಮುಚ್ಚಿಟ್ಟ ಸಂಗತಿಯಿದೆ. ಆಪಾದನೆಗಾಗಿ ಈ ಮಾತು ಹೇಳುತ್ತಿಲ್ಲ. ಧಾರವಾಡದಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಖಾಸಗಿ ಶಾಲೆಗಳ ಸೇವಾ ವಿವಾದಗಳನ್ನು, ಕೆಲವೊಮ್ಮೆ ಮಂಡಳಿಯ ಪರವಾಗಿ, ಕೆಲವೊಮ್ಮೆ ಶಿಕ್ಷಕರ ಪರವಾಗಿ ನಡೆಸಿದ ಮೇಲೆ ನನಗೆ ಮನವರಿಕೆಯಾದದ್ದೆಂದರೆ, ಈ ಎರಡೂ ಒಂದೇ ಹಗ್ಗದ ಎರಡು ತುದಿಗಳು. ಗದಗ ಕಡೆಯ ಆ ಹೆಡ್ ಮಾಸ್ತರರು ಫೋನ್ ಇಟ್ಟದ್ದಕ್ಕೂ, ನಿಮ್ಮ ಹೆಡ್ ಮಾಸ್ತರರು “ಚೊಲೊ ಇದ್ದಾನ” ಎಂದದ್ದಕ್ಕೂ ಕಾರಣ ಬಹುಶಃ ಒಂದೇ ಆಗಿರುತ್ತದೆ. ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಆದರೆ ಎರಡನೆಯದು ಹೆಚ್ಚು ತುರ್ತಿನದು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಪೊಲೀಸ್ ಪರಿಶೀಲನೆಯಲ್ಲಿ ಏನೂ ಬಂದಿಲ್ಲವೆಂದರೆ ವ್ಯಕ್ತಿ ನಿರಪಾಯ ಎಂಬ ನಂಬಿಕೆ ನಮ್ಮ ಮಂಡಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಆ ಪತ್ರ ಹೇಳುವುದು ಇಷ್ಟು ಮಾತ್ರ: ಕೊಟ್ಟ ಹೆಸರಿನ, ಕೊಟ್ಟ ವಿಳಾಸದ ವ್ಯಕ್ತಿಯ ಮೇಲೆ ಪೊಲೀಸರ ದಾಖಲೆಯಲ್ಲಿ ಪ್ರಕರಣ ಕಂಡುಬಂದಿಲ್ಲ. ಠಾಣೆಯ ಮೆಟ್ಟಿಲನ್ನೇ ಹತ್ತದ ದೂರು ಅದರಲ್ಲಿ ಹೇಗೆ ಕಂಡೀತು? ತಾಯಿಯೊಬ್ಬಳು ಹೆಡ್ ಮಾಸ್ತರರ ಕೋಣೆಯಲ್ಲಿ ಅತ್ತು ಹೇಳಿದ್ದು, ಮಂಡಳಿಯ ಹಿರಿಯರು ಕೂತು ‘ಇಲ್ಲಿಗೆ ಮುಗಿಸೋಣ’ ಎಂದದ್ದು, ಮರುದಿನ ಬರೆಸಿಕೊಂಡ ರಾಜೀನಾಮೆ, ಇವು ಯಾವ ಗಣಕಯಂತ್ರದಲ್ಲೂ ಇರುವುದಿಲ್ಲ. ನಿಮ್ಮ ಕ್ಲೀನರ್‌ನ ಹೆಸರಿನಲ್ಲಿ ಇಂದು ಯಾರೇ ಪರಿಶೀಲನೆ ಮಾಡಿಸಿದರೂ ನಿಮ್ಮ ಶಾಲೆಯಲ್ಲಿ ನಡೆದದ್ದರ ಸುಳಿವು ಸಿಗುವುದಿಲ್ಲ. ಹುಬ್ಬಳ್ಳಿಯ ಶಾಲೆಗೂ ಪೊಲೀಸ್ ಪತ್ರ ಶುಭ್ರವಾಗಿಯೇ ಬಂದಿರುತ್ತದೆ.

ಇದಕ್ಕೆ ಸೇರಿದ ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ, ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ಹೆಸರು ಹಾಕಿ ನೋಡಿದರೆ ಸಾಕು ಎಂಬುದು. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಆರಂಭಿಸಿದ ಆ ಕೋಶ ಕಾನೂನು ಜಾರಿ ಸಂಸ್ಥೆಗಳ ಬಳಕೆಗೆ ಮಾತ್ರ ತೆರೆದಿದೆ. ಶಾಲೆಯಾಗಲಿ, ಪಾಲಕರಾಗಲಿ ಅದನ್ನು ನೋಡಲಾಗದು.

ಬ್ರಿಟನ್ನಿನ ಒಂದು ಘಟನೆಯನ್ನು ನಾನು ತರಬೇತಿಗಳಲ್ಲಿ ಯಾವಾಗಲೂ ಹೇಳುತ್ತೇನೆ. 2002ರಲ್ಲಿ ಸೋಹಮ್ ಎಂಬ ಸಣ್ಣ ಪಟ್ಟಣದಲ್ಲಿ ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನು ಕೊಂದವನು ಅಲ್ಲಿನ ಪ್ರೌಢಶಾಲೆಯ ಕೇರ್‌ಟೇಕರ್ ಆಗಿದ್ದನು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಬೇರೊಂದು ಪ್ರದೇಶದ ಪೊಲೀಸರಿಗೆ ಅವನ ಮೇಲೆ ಒಂದಲ್ಲ, ಹಲವು ಲೈಂಗಿಕ ದೂರುಗಳು ಬಂದಿದ್ದವು. ಯಾವುದರಲ್ಲೂ ಶಿಕ್ಷೆಯಾಗಿರಲಿಲ್ಲ, ಆ ಮಾಹಿತಿ ಕೆಲಸಕ್ಕೆ ತೆಗೆದುಕೊಂಡವರನ್ನು ಮುಟ್ಟಲೇ ಇಲ್ಲ. ಅವನು ಬೇರೆ ಅಡ್ಡಹೆಸರಿನಲ್ಲಿ ಅರ್ಜಿ ಹಾಕಿದ್ದನು, ಪರಿಶೀಲನೆಯಲ್ಲಿ ಹಳೆಯ ಹೆಸರನ್ನು ಸರಿಯಾಗಿ ಹುಡುಕಿರಲಿಲ್ಲ. ಈ ಲೋಪಗಳನ್ನು ಪರಿಶೀಲಿಸಿದ ಬಿಚರ್ಡ್ ವಿಚಾರಣಾ ವರದಿ 2004ರಲ್ಲಿ ಬಂದು, ಮಕ್ಕಳೊಂದಿಗೆ ಕೆಲಸ ಮಾಡುವವರ ಪರಿಶೀಲನೆಗೆ 2006ರಲ್ಲಿ ಹೊಸ ಕಾಯ್ದೆಯೇ ಆಯಿತು. ಅಡ್ಡಹೆಸರಿನ ಸಂಗತಿಯನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಭಾಗದಲ್ಲಿ ಒಬ್ಬರದೇ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು, ಬ್ಯಾಂಕಿನಲ್ಲಿ ಊರ ಹೆಸರು ಇರುವುದು ತೀರಾ ಸಾಮಾನ್ಯ, ಅದರಲ್ಲಿ ಮೋಸವೇನೂ ಇರಬೇಕಾಗಿಲ್ಲ. ಆದರೆ ಪರಿಶೀಲನೆಗೆ ಅರ್ಜಿ ಸಲ್ಲಿಸುವಾಗ ಎಲ್ಲ ರೂಪಗಳನ್ನೂ, ಕಳೆದ ಏಳೆಂಟು ವರ್ಷ ವಾಸವಿದ್ದ ಎಲ್ಲ ಊರುಗಳನ್ನೂ ಕೊಡದೆ ಇದ್ದರೆ ಬರುವ ಉತ್ತರ ಅರ್ಧದ್ದಾಗಿರುತ್ತದೆ. ನಿಮ್ಮ ಅಭ್ಯರ್ಥಿ ಐದು ವರ್ಷ ಗದಗ ಜಿಲ್ಲೆಯಲ್ಲಿದ್ದರು. ನೀವು ಮಾಡಿಸಿದ ಪರಿಶೀಲನೆ ಅಲ್ಲಿಯ ಠಾಣೆಯನ್ನು ಒಳಗೊಂಡಿತ್ತೋ, ಈಗಿನ ವಿಳಾಸದ ಠಾಣೆಯನ್ನು ಮಾತ್ರವೋ ಎಂಬುದನ್ನು ಒಮ್ಮೆ ನೋಡಿಕೊಳ್ಳಿ.

ಕಾನೂನು ಕೂಡ ಪೊಲೀಸ್ ಪತ್ರವೊಂದೇ ಸಾಕೆಂದು ಹೇಳಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಮಾಡಿದ 2020ರ ನಿಯಮಗಳ 3ನೆಯ ನಿಯಮವು, ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿಗಳಂಥ ಸಂಸ್ಥೆಗಳು ಬೋಧಕರಿರಲಿ ಬೋಧಕೇತರರಿರಲಿ, ಕಾಯಂ ಇರಲಿ ಗುತ್ತಿಗೆಯವರಿರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ಹಿನ್ನೆಲೆ ಪರಿಶೀಲನೆಯನ್ನೂ ನಿಯತಕಾಲಿಕವಾಗಿ ಮಾಡಿಸಬೇಕು ಎನ್ನುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಿರುವುದನ್ನು, ‘ನಿಯತಕಾಲಿಕ’ ಎಂಬ ಪದವನ್ನು ಗಮನಿಸಿ. ಗಾಡಿಯ ಚಾಲಕ, ಕ್ಲೀನರ್, ಆಯಾ, ಸಿಪಾಯಿ, ವಾರಕ್ಕೆರಡು ದಿನ ಬರುವ ಕರಾಟೆ ಮಾಸ್ತರ ಎಲ್ಲರೂ ಇದರೊಳಗೆ ಬರುತ್ತಾರೆ. ನಾನು ನೋಡಿದ ಬಹುತೇಕ ಶಾಲೆಗಳಲ್ಲಿ ಶಿಕ್ಷಕರ ಫೈಲು ದಪ್ಪಗಿದ್ದು, ಗಾಡಿಯವರ ಫೈಲಿನಲ್ಲಿ ಲೈಸೆನ್ಸಿನ ಒಂದು ಜೆರಾಕ್ಸ್ ಪ್ರತಿ ಮಾತ್ರ ಇರುತ್ತದೆ.

ಹಿನ್ನೆಲೆ ಪರಿಶೀಲನೆಯೆಂದರೆ ಹಿಂದೆ ಕೆಲಸ ಕೊಟ್ಟವರಿಂದ ನಿಜ ತಿಳಿಯುವುದು. ನಮ್ಮ ವ್ಯವಸ್ಥೆ ಕುಸಿದಿರುವುದು ಸರಿಯಾಗಿ ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಒಂದು ಪ್ರಕರಣದಲ್ಲಿ ನನ್ನ ಮೇಜಿನ ಮೇಲೆ ಒಬ್ಬರದೇ ಮೂರು ಅನುಭವ ಪ್ರಮಾಣಪತ್ರಗಳನ್ನು ಸಾಲಾಗಿ ಇಟ್ಟುಕೊಂಡಿದ್ದೆ. ಮೂರು ಶಾಲೆ, ಮೂರು ಲೆಟರ್‌ಹೆಡ್, ಮೂರು ದುಂಡು ಮೊಹರು. ಮೂರರಲ್ಲೂ ‘ಸ್ವಂತ ಕಾರಣಗಳಿಂದ’ ಎಂಬ ಮಾತು, ಮೂರರಲ್ಲೂ ‘ನಡತೆ ಉತ್ತಮ’. ಬಿಟ್ಟ ದಿನಾಂಕಗಳು ಮಾತ್ರ ಬೇರೆ ಕಥೆ ಹೇಳುತ್ತಿದ್ದವು: ಒಂದರಲ್ಲಿ ನವೆಂಬರ್ ನಡುವೆ, ಒಂದರಲ್ಲಿ ಆಗಸ್ಟ್ ಕೊನೆಗೆ, ಇನ್ನೊಂದರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೂರು ವಾರ ಮೊದಲು. ಪರೀಕ್ಷೆ ಎದುರಿಗಿರುವಾಗ ಹತ್ತನೆಯ ತರಗತಿಯ ಮಾಸ್ತರರನ್ನು ಯಾವ ಶಾಲೆಯೂ ಸಂತೋಷದಿಂದ ಕಳಿಸುವುದಿಲ್ಲ. ಅವರನ್ನು ನಾಲ್ಕನೆಯದಾಗಿ ತೆಗೆದುಕೊಂಡ ಶಾಲೆಯವರು ಪ್ರಮಾಣಪತ್ರಗಳನ್ನು ಎಣಿಸಿದ್ದರು, ದಿನಾಂಕಗಳನ್ನು ಓದಿರಲಿಲ್ಲ. ಮಕ್ಕಳು ಬಾಯಿ ಬಿಟ್ಟ ಮೇಲೆ ಹಿಂದಿನ ಮೂರೂ ಶಾಲೆಗಳಿಗೆ ನಾನೇ ಹೋಗಿ ಕೇಳಿದೆ. ಎರಡರಲ್ಲಿ “ಗೊತ್ತಿತ್ತು” ಎಂದರು.

ಗೊತ್ತಿದ್ದೂ ಏಕೆ ಹಾಗೆ ಬರೆದುಕೊಡುತ್ತಾರೆ? ಅವರು ದುಷ್ಟರು ಎಂದುಕೊಂಡರೆ ನಮಗೆ ಏನೂ ಅರ್ಥವಾಗುವುದಿಲ್ಲ. ಸುದ್ದಿಯಾದರೆ ಮುಂದಿನ ವರ್ಷದ ಪ್ರವೇಶಗಳು ಬೀಳುತ್ತವೆ ಎಂಬ ಅಂಜಿಕೆ ಒಂದು. ಪಾಲಕರೇ ಕೈಮುಗಿದು “ಹೆಣ್ಣುಮಗು, ದೊಡ್ಡದು ಮಾಡಬ್ಯಾಡ್ರಿ” ಎನ್ನುವುದು ಇನ್ನೊಂದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೆಯ ಪ್ರಕರಣದಂತೆ ವಿಚಾರಣೆಯಿಲ್ಲದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ, ಮಾಡಿದರೆ ಅವರು ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ವಿಚಾರಣೆ ನಡೆಸಲು ಸಣ್ಣ ಸಂಸ್ಥೆಗೆ ಜನವೂ ಇಲ್ಲ, ಧೈರ್ಯವೂ ಇಲ್ಲ, ಹೀಗಾಗಿ ರಾಜೀನಾಮೆ ಬರೆಸಿಕೊಳ್ಳುವುದು ಸುಲಭದ ದಾರಿಯಾಗಿ ಕಾಣುತ್ತದೆ. ರಾಜೀನಾಮೆ ಕೊಡುವವರು ಕೂಡ ಒಳ್ಳೆಯ ಪತ್ರ ಸಿಕ್ಕರೆ ಮಾತ್ರ ಸಹಿ ಮಾಡುತ್ತೇನೆ ಎನ್ನುತ್ತಾರೆ. ಕೊನೆಗೆ ಕರುಣೆಯ ಮಾತು ಬರುತ್ತದೆ: “ಅವನೂ ಹೆಂಡರು ಮಕ್ಕಳು ಇದ್ದಾಂವ, ಹೊಟ್ಟೀ ಮ್ಯಾಲೆ ಹೊಡೀಬ್ಯಾಡ್ರಿ.” ಆ ಕರುಣೆಯ ಬೆಲೆಯನ್ನು ಬೇರೊಂದು ಊರಿನ, ನಾವು ನೋಡದ ಮಗು ಕೊಡುತ್ತದೆ. ಅಮೆರಿಕದಲ್ಲಿಯೂ ಇದೇ ಪಿಡುಗು ಎಷ್ಟು ಹಬ್ಬಿತ್ತೆಂದರೆ, ಮಕ್ಕಳ ಮೇಲೆ ಲೈಂಗಿಕ ದುರ್ವರ್ತನೆ ಎಸಗಿದವರೆಂದು ಗೊತ್ತಿರುವ ಅಥವಾ ನಂಬಲು ಕಾರಣವಿರುವ ನೌಕರರಿಗೆ ಹೊಸ ಶಾಲೆಯಲ್ಲಿ ಕೆಲಸ ಹಿಡಿಯಲು ನೆರವಾಗುವುದನ್ನು ತಡೆಯುವ ಕಲಮನ್ನು ಅಲ್ಲಿನ 2015ರ ಕೇಂದ್ರ ಶಿಕ್ಷಣ ಕಾಯ್ದೆಯಲ್ಲೇ ಸೇರಿಸಬೇಕಾಯಿತು.

ಈಗ ನಿಮ್ಮ ದೈಹಿಕ ಶಿಕ್ಷಕರ ವಿಷಯ. ಹಳೆಯ ಹೆಡ್ ಮಾಸ್ತರರ ಮೌನಕ್ಕೆ ಹತ್ತು ಅರ್ಥ ಹೇಳಬಹುದು, ಒಂದನ್ನೂ ಸಾಬೀತುಪಡಿಸಲಾಗದು. ಇದಕ್ಕೆ ವಿರುದ್ಧವಾದ ಅನುಭವವೂ ನನಗಿದೆ. ಧಾರವಾಡ ಜಿಲ್ಲೆಯ ಗಣಿತ ಶಿಕ್ಷಕರೊಬ್ಬರ ಬಗ್ಗೆ ಇಂಥದೇ ಪಿಸುಮಾತು ಎರಡು ಶಾಲೆಗಳವರೆಗೆ ಬೆನ್ನು ಹತ್ತಿತ್ತು. ಮೂರನೆಯ ಶಾಲೆಯವರು ಲಿಖಿತವಾಗಿ ಕೇಳಿದಾಗ ತಿಳಿದದ್ದೇನೆಂದರೆ, ಮಂಡಳಿಯ ಸದಸ್ಯರೊಬ್ಬರ ಮನೆಯ ಹುಡುಗನಿಗೆ ಆಂತರಿಕ ಅಂಕ ಹೆಚ್ಚಿಸಿಕೊಡಲು ಅವರು ಒಪ್ಪಿರಲಿಲ್ಲ. ಅಲ್ಲಿಂದ ಮೇಲೆ ಆ ಊರಿನಲ್ಲಿ ಅವರ ಹೆಸರು ಕೆಟ್ಟಿತು. ನಮ್ಮ ಸಂಸ್ಥೆಗಳ ಒಳಜಗಳ, ಬಣ, ಜಾತಿಯ ಲೆಕ್ಕಾಚಾರಗಳು ಎಂಥ ಮಾತನ್ನು ಹುಟ್ಟಿಸಬಲ್ಲವು ಎಂಬುದು ನಿಮಗೂ ಗೊತ್ತಿದೆ. ಹೀಗಾಗಿ ಬರೀ ಮೌನದ ಮೇಲೆ ಅವರನ್ನು ತಿರಸ್ಕರಿಸುವುದು ನ್ಯಾಯವಲ್ಲ. ಅವರು ತಪ್ಪಿತಸ್ಥರೇ ಆಗಿದ್ದರೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಮುಂದಿನ ವಾರ ಅವರು ಪ್ರಶ್ನೆ ಕೇಳದ ಇನ್ನೊಂದು ಶಾಲೆಗೆ ಹೋಗುತ್ತಾರೆ. ‘ತಗೊಂಡು ಕಣ್ಣಿಡೋಣ’ ಎಂಬ ದಾರಿ ಇದಕ್ಕಿಂತ ಅಪಾಯಕಾರಿ. ಕ್ರೀಡಾ ಕೋಣೆಯ ಕೀಲಿ, ಬೆಳಗಿನ ಅಭ್ಯಾಸ, ಬಟ್ಟೆ ಬದಲಿಸುವ ಜಾಗ, ತಾಲ್ಲೂಕು ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು, ಇವು ದೈಹಿಕ ಶಿಕ್ಷಕರ ದಿನನಿತ್ಯದ ಕೆಲಸದ ಭಾಗ. 480 ಮಕ್ಕಳಿರುವ ಶಾಲೆಯಲ್ಲಿ ಯಾರು, ಎಷ್ಟು ದಿನ ಕಣ್ಣಿಡುತ್ತಾರೆ?

ಉಳಿದಿರುವ ದಾರಿಯೆಂದರೆ ನೇಮಕವನ್ನು ತಡೆಹಿಡಿದು ಲಿಖಿತವಾಗಿ ಕೇಳುವುದು. ಮೊದಲು ಕೇಳಬೇಕಾದದ್ದು ಅಭ್ಯರ್ಥಿಯನ್ನೇ. ಹೆಚ್ಚಿನ ಶಾಲೆಗಳ ಅರ್ಜಿಯಲ್ಲಿ ‘ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣವಿದೆಯೇ’ ಎಂಬ ಒಂದೇ ಪ್ರಶ್ನೆ ಇರುತ್ತದೆ, ಅದಕ್ಕೆ ‘ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಬರೆಯಬಹುದು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರ್ಜಿಯಲ್ಲಿ ನಿರ್ದಿಷ್ಟವಾಗಿ ಕೇಳಿದ ಮಾಹಿತಿಯನ್ನು ಮುಚ್ಚಿಟ್ಟರೆ ಕೆಲಸ ಕೊಟ್ಟವರು ಕ್ರಮ ಕೈಗೊಳ್ಳಬಹುದು, ಕೇಳದೇ ಇದ್ದದ್ದನ್ನು ಹೇಳಲಿಲ್ಲವೆಂದು ತಪ್ಪು ಹೊರಿಸಲಾಗದು ಎಂದು ಹೇಳಿತು. ಅದು ಸರ್ಕಾರಿ ನೇಮಕಾತಿಗೆ ಸಂಬಂಧಿಸಿದ ತೀರ್ಪು. ಆದರೆ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಬೇಕೆಂಬ ಪಾಠ ನಿಮಗೂ ಅನ್ವಯಿಸುತ್ತದೆ. ಆದ್ದರಿಂದ ಘೋಷಣಾಪತ್ರದಲ್ಲಿ ಹೀಗೆ ಕೇಳಿ: ನೀವು ಕೆಲಸ ಮಾಡಿದ ಯಾವುದೇ ಸಂಸ್ಥೆಯಲ್ಲಿ ಮಕ್ಕಳೊಂದಿಗಿನ ನಿಮ್ಮ ವರ್ತನೆಯ ಬಗ್ಗೆ ಬಾಯಿಮಾತಿನಲ್ಲಾಗಲಿ ಬರವಣಿಗೆಯಲ್ಲಾಗಲಿ ದೂರು ಬಂದಿತ್ತೇ? ಮಕ್ಕಳನ್ನು ಹೊಡೆದದ್ದಕ್ಕಾಗಿ ನೋಟಿಸು ಅಥವಾ ಎಚ್ಚರಿಕೆ ಪಡೆದಿದ್ದೀರಾ? ವಿಚಾರಣೆ ಬಾಕಿ ಇರುವಾಗ, ಇಲ್ಲವೇ ಆಡಳಿತ ಮಂಡಳಿ ಸೂಚಿಸಿದ್ದರಿಂದ ರಾಜೀನಾಮೆ ಕೊಟ್ಟಿದ್ದೀರಾ? ಪ್ರಕರಣ ದಾಖಲಾಗಿ ಬಿಡುಗಡೆಯಾಗಿದ್ದರೂ ಅದರ ವಿವರ ಕೊಡಿ. ಕೆಳಗೆ, ಈ ಉತ್ತರಗಳಲ್ಲಿ ಸುಳ್ಳು ಕಂಡುಬಂದರೆ ನೇಮಕವನ್ನು ರದ್ದುಪಡಿಸಬಹುದೆಂದೂ, ಹಿಂದಿನ ಸಂಸ್ಥೆಗಳಿಂದ ಮಾಹಿತಿ ಪಡೆಯಲು ತಮ್ಮ ಒಪ್ಪಿಗೆ ಇದೆಯೆಂದೂ ಸಹಿ ಪಡೆಯಿರಿ. ಹೊಡೆತದ ಪ್ರಶ್ನೆಯನ್ನು ಬಿಡಬೇಡಿ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ನಿಷೇಧಿಸಿದೆ. ಮೌನದ ಹಿಂದೆ ಲೈಂಗಿಕ ದೂರಲ್ಲ, ಒಂದು ಮುರಿದ ಕೈ ಇರಲೂಬಹುದು.

‘ಹೌದು’ ಎಂಬ ಉತ್ತರ ಬಂದ ಕೂಡಲೇ ಬಾಗಿಲು ಮುಚ್ಚಬೇಡಿ. ದೂರು ಬಂದಿತ್ತು, ಹೀಗೆ ವಿಚಾರಣೆಯಾಯಿತು, ಈ ಆದೇಶವಾಯಿತು ಎಂದು ಕಾಗದ ಮುಂದಿಡುವವರ ಮಾತನ್ನು ತಾಳ್ಮೆಯಿಂದ ಕೇಳುವುದು ಮಂಡಳಿಯ ಕರ್ತವ್ಯ. ಘೋಷಣೆಗೂ ಒಪ್ಪಿಗೆಗೂ ಸಹಿ ಮಾಡುವುದೇ ಇಲ್ಲವೆಂದರೆ ಮಾತ್ರ ಅಷ್ಟೇ ಕಾರಣಕ್ಕೆ ಬೇರೆಯವರನ್ನು ಆಯ್ದುಕೊಳ್ಳಲು ನೀವು ಸ್ವತಂತ್ರರು. ಈ ಘೋಷಣೆಯನ್ನು ಅವರೊಬ್ಬರಿಂದ ಕೇಳದೆ, ಈ ವರ್ಷ ಸೇರುವ ಎಲ್ಲರಿಂದ, ಗಾಡಿಯ ಚಾಲಕನಿಂದ ಹಿಡಿದು ಮುಖ್ಯ ಶಿಕ್ಷಕರವರೆಗೆ ಕೇಳಿದರೆ ಯಾರ ಮಾನಕ್ಕೂ ಕುಂದು ಬರುವುದಿಲ್ಲ.

ಅನಂತರ ಗದಗದ ಶಾಲೆಗೆ, ಹೆಡ್ ಮಾಸ್ತರರ ಹೆಸರಿಗಲ್ಲ, ಆಡಳಿತ ಮಂಡಳಿಯ ಅಧ್ಯಕ್ಷ ಮತ್ತು ಕಾರ್ಯದರ್ಶಿಯ ಹೆಸರಿಗೆ, ಅಭ್ಯರ್ಥಿಯ ಒಪ್ಪಿಗೆಯ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಒಂದು ಪ್ರತಿಯನ್ನು ಇಮೇಲ್ ಮಾಡಿ. ‘ಅವರು ಹೇಗೆ’ ಎಂದು ಕೇಳಬೇಡಿ, ಆ ಪ್ರಶ್ನೆಗೆ ‘ಒಳ್ಳೆಯವರು’ ಎಂಬುದನ್ನು ಬಿಟ್ಟು ಬೇರೆ ಉತ್ತರ ನಮ್ಮಲ್ಲಿ ಬರುವುದಿಲ್ಲ. ಸೇರಿದ ದಿನ, ಬಿಟ್ಟ ದಿನ, ಬಿಟ್ಟಾಗ ಯಾವುದಾದರೂ ದೂರು ಅಥವಾ ವಿಚಾರಣೆ ಬಾಕಿ ಇತ್ತೇ, ಮಕ್ಕಳಿಗೆ ಸಂಬಂಧಿಸಿದ ಎಚ್ಚರಿಕೆ ಕೊಟ್ಟದ್ದು ಕಡತದಲ್ಲಿದೆಯೇ, ಅವರನ್ನು ಮತ್ತೆ ಅದೇ ಹುದ್ದೆಗೆ ತೆಗೆದುಕೊಳ್ಳುತ್ತೀರಾ, ಇಷ್ಟನ್ನು ಕೇಳಿ. ಕೊನೆಯ ಪ್ರಶ್ನೆಗೆ ಸುಳ್ಳು ಹೇಳುವುದು ಬಹಳ ಜನಕ್ಕೆ ಕಷ್ಟವಾಗುತ್ತದೆ ಎಂಬುದು ನನ್ನ ಅನುಭವ. ಫೋನ್ ಮಾಡಬೇಕಾದರೆ ಬಯೋಡೇಟಾದಲ್ಲಿರುವ ನಂಬರಿಗೆ ಮಾಡದೆ, ಶಾಲೆಯ ನಂಬರನ್ನು ನೀವೇ ಹುಡುಕಿ ಮಾಡಿ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ನಿಮ್ಮಲ್ಲಿ ಯಾರಾದರೂ ಇಬ್ಬರು ಹೋಗಿ ಬನ್ನಿ. ನಿಮ್ಮ ಊರಿನಿಂದ ಗದಗ ದೂರವೇನಲ್ಲ, ಎದುರಿಗೆ ಕೂತಾಗ ಜನ ಫೋನಿನಲ್ಲಿ ಹೇಳದ್ದನ್ನು ಹೇಳುತ್ತಾರೆ. ಅಲ್ಲಿಯವರೆಗೆ ಆಟದ ಪೀರಿಯಡ್ಡುಗಳನ್ನು ಇರುವ ಶಿಕ್ಷಕರಿಗೆ ಹಂಚಿ. ಜೂನ್ ತಿಂಗಳು ದೈಹಿಕ ಶಿಕ್ಷಕರಿಲ್ಲದೆ ನಡೆದರೆ ಏನೂ ಆಗುವುದಿಲ್ಲ.

ಆ ಹೆಡ್ ಮಾಸ್ತರರು ಬಾಯಿ ಬಿಡದಿರಲು ಮಾನಹಾನಿ ಮೊಕದ್ದಮೆಯ ಭಯವೂ ಕಾರಣವಿರಬಹುದು. ಹಳೆಯ ದಂಡ ಸಂಹಿತೆಯ 499ನೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿದೆ, ಅದರ ವಿನಾಯಿತಿಗಳೂ ಹಾಗೆಯೇ ಮುಂದುವರಿದಿವೆ. ತನ್ನ ಅಥವಾ ಇತರರ ಹಿತವನ್ನು ಕಾಪಾಡಲು ಸದುದ್ದೇಶದಿಂದ ಹೇಳಿದ ಮಾತಿಗೂ, ಕೇಳಿಸಿಕೊಳ್ಳುವವರ ಅಥವಾ ಸಾರ್ವಜನಿಕರ ಒಳಿತಿಗಾಗಿ ಸದುದ್ದೇಶದಿಂದ ಕೊಟ್ಟ ಎಚ್ಚರಿಕೆಗೂ ಅಲ್ಲಿ ರಕ್ಷಣೆಯಿದೆ. ಯಾರೂ ಮೊಕದ್ದಮೆ ಹೂಡುವುದೇ ಇಲ್ಲವೆಂದು ನಾನು ಹೇಳಲಾರೆ, ಹೂಡಲು ಯಾರಿಗೂ ಅಡ್ಡಿಯಿಲ್ಲ. ಆದರೆ ಕೇಳಿದವರಿಗೆ ಮಾತ್ರ, ಕೇಳಿದ್ದಕ್ಕೆ ಮಾತ್ರ, ಕಡತದಲ್ಲಿರುವ ಸಂಗತಿಯನ್ನು ದಿನಾಂಕದೊಂದಿಗೆ, ‘ನೀಚ’, ‘ಕಾಮುಕ’ ಎಂಬ ವಿಶೇಷಣಗಳಿಲ್ಲದೆ, ಮಗುವಿನ ಗುರುತು ಹತ್ತದಂತೆ ಬರೆದರೆ ಆ ಪತ್ರ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ನಿಲ್ಲದಿರುವುದು ಮದುವೆ ಮನೆಯ ಊಟದ ಸಾಲಿನಲ್ಲಿ ಆಡಿದ ಮಾತು, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸಂದೇಶ. ವಿಪರ್ಯಾಸವೆಂದರೆ ನಮ್ಮಲ್ಲಿ ಬರೆಯಲು ಅಂಜುವವರೇ ಅಂಥ ಕಡೆ ಧಾರಾಳವಾಗಿ ಮಾತಾಡುತ್ತಾರೆ.

ಇನ್ನು ಕ್ಲೀನರ್‌ನ ವಿಷಯ. ಇಲ್ಲಿ ನಾನು ಕಠಿಣವಾಗಿ ಹೇಳಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೆಯ ಪ್ರಕರಣದಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದಿರುವ ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಪ್ರಕರಣದಲ್ಲಿ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಅಥವಾ ಎರಡೂ ಇದೆ. ತನ್ನ ಕೈಕೆಳಗಿನ ನೌಕರನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ತಾಯಿ ಹೇಳಿದ ಮುಟ್ಟುವಿಕೆ ಅಪರಾಧವೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನಿಮ್ಮ ಮಂಡಳಿಗೆ ಇರಲಿಲ್ಲ. ಅವನನ್ನು ಮರುದಿನವೇ ಬಿಡಿಸಿದಿರೆಂದರೆ ಆ ಮಾತಿನಲ್ಲಿ ನಿಜವಿದೆಯೆಂದು ನಿಮಗೂ ಅನ್ನಿಸಿತ್ತು. ‘ಬಿಡಿಸಿದೆವಲ್ಲ, ನಮ್ಮ ಕೆಲಸ ಮುಗಿಯಿತು’ ಎಂಬ ಭಾವನೆ ಬಹಳ ಶಾಲೆಗಳಲ್ಲಿದೆ. ಆದರೆ ಬಿಡಿಸುವುದು ಸೇವಾ ಕ್ರಮ, ತಿಳಿಸುವುದು ಕಾನೂನಿನ ಕರ್ತವ್ಯ, ಒಂದನ್ನು ಮಾಡಿದ್ದರಿಂದ ಇನ್ನೊಂದು ತೀರುವುದಿಲ್ಲ. ಮಹಾರಾಷ್ಟ್ರದ ಡಾ. ಮಾರೋತಿ ಪ್ರಕರಣದಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹುತೇಕ ಸಂದರ್ಭಗಳಲ್ಲಿ ಅದು ಅಪರಾಧಿಯನ್ನು ರಕ್ಷಿಸುವ ಪ್ರಯತ್ನ ಎಂದಿದೆ. ಪಾಲಕರು ಬೇಡವೆಂದರು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಮೇಲಿನ ಪೋಕ್ಸೊ ಪ್ರಕರಣವನ್ನು ಮಗುವಿನ ತಂದೆಯೊಂದಿಗಿನ ರಾಜಿಯ ಆಧಾರದಲ್ಲಿ ಅಲ್ಲಿನ ಹೈಕೋರ್ಟು ರದ್ದುಪಡಿಸಿದ್ದಾಗ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿ ಪ್ರಕರಣ ಮುಂದುವರಿಯಲು ಹೇಳಿತು.

ತಡವಾಯಿತೆಂದು ಇನ್ನೂ ತಡ ಮಾಡಬೇಡಿ. ನಿಮ್ಮ ವಕೀಲರನ್ನು ನಾಳೆಯೇ ಕಂಡು, ಅವರ ನೆರವಿನಿಂದ ಠಾಣೆಗೆ ಲಿಖಿತ ಮಾಹಿತಿ ಕೊಡಿ: ತಾಯಿ ಯಾವ ದಿನ ಬಂದರು, ಏನು ಹೇಳಿದರು, ನೀವು ಏನು ಮಾಡಿದಿರಿ, ಅವನು ಈಗ ಎಲ್ಲಿ ಕೆಲಸ ಹುಡುಕುತ್ತಿದ್ದಾನೆ. ತಡವಾದದ್ದಕ್ಕೆ ಕಾರಣವನ್ನು ಇದ್ದಂತೆ ಬರೆಯಿರಿ, ಅಲಂಕರಿಸಬೇಡಿ. ಇದರಿಂದ ನಿಮ್ಮ ಮೇಲೂ ಪ್ರಶ್ನೆ ಬರಬಹುದು, ಪ್ರಕರಣವೂ ದಾಖಲಾಗಬಹುದು, ಅದನ್ನು ಮುಚ್ಚಿಟ್ಟು ನಾನು ನಿಮಗೆ ಧೈರ್ಯ ಹೇಳಲಾರೆ. ಆದರೆ ನೀವಾಗಿಯೇ ಹೋಗಿ ಹೇಳಿದ ಕಾರ್ಯದರ್ಶಿಗೂ, ಹುಬ್ಬಳ್ಳಿಯಲ್ಲಿ ಇನ್ನೊಂದು ಮಗುವಿಗೆ ತೊಂದರೆಯಾದ ಮೇಲೆ ಹಳೆಯ ಪತ್ರದೊಂದಿಗೆ ಹುಡುಕಿಕೊಂಡು ಬಂದ ಪೊಲೀಸರ ಎದುರು ನಿಂತ ಕಾರ್ಯದರ್ಶಿಗೂ ಬಹಳ ಅಂತರವಿದೆ.

ಠಾಣೆಗೆ ಹೋಗುವ ಮೊದಲು ಆ ತಾಯಿಯನ್ನು ಕಾಣಿ. ಒಪ್ಪಿಗೆ ಕೇಳುವುದಕ್ಕಲ್ಲ, ಅವರಿಗೆ ಇದು ಬೇರೆಯವರಿಂದ ತಿಳಿಯಬಾರದು ಎಂಬುದಕ್ಕೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ, ಸಾಧ್ಯವಿದ್ದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು ಕಾಯ್ದೆಯ 24ನೆಯ ಪ್ರಕರಣ ಹೇಳುತ್ತದೆ. ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದಕ್ಕೆ 23ನೆಯ ಪ್ರಕರಣದಲ್ಲಿ ತಡೆಯಿದೆ. ಇದನ್ನು ಅವರಿಗೆ ನಿಧಾನವಾಗಿ ತಿಳಿಸಿ ಹೇಳಿ, ಅವರ ಹೆದರಿಕೆಯ ಅರ್ಧ ಅಲ್ಲಿಯೇ ಕರಗುತ್ತದೆ. ಪೊಲೀಸರು ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿಂದಲೂ, 1098 ಸಹಾಯವಾಣಿಯಿಂದಲೂ ಕುಟುಂಬಕ್ಕೆ ನೆರವು ಸಿಗುತ್ತದೆ. ಮಗುವನ್ನು ಮಾತ್ರ ನೀವು ಕರೆಸಿ ಕೇಳಬೇಡಿ. ಹೆಡ್ ಮಾಸ್ತರರು ಒಮ್ಮೆ, ಅಕ್ಕೋರು ಒಮ್ಮೆ, ಅಧ್ಯಕ್ಷರು ಒಮ್ಮೆ ಎಂದು ಕೇಳಿ ಕೇಳಿ ಮಗುವನ್ನು ನೋಯಿಸುವುದೂ, ಸಾಕ್ಷ್ಯವನ್ನು ಕೆಡಿಸುವುದೂ ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ. ಗಾಡಿಯ ಮಾರ್ಗದ ಪಟ್ಟಿ, ಹಾಜರಿ ಪುಸ್ತಕ, ಅವನ ರಾಜೀನಾಮೆ, ನೀವು ಕೊಟ್ಟ ಪತ್ರದ ಕಚೇರಿ ಪ್ರತಿ, ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಭದ್ರವಾಗಿಡಿ. ಯಾವುದನ್ನೂ ತಿದ್ದಬೇಡಿ, ಹಿಂದಿನ ದಿನಾಂಕ ಹಾಕಿ ಹೊಸ ನಡಾವಳಿ ಬರೆಯಬೇಡಿ.

ಹುಬ್ಬಳ್ಳಿಯ ಶಾಲೆಗೆ ಅದೇ ದಿನ ಫೋನ್ ಮಾಡಿ, ಬೆನ್ನಿಗೇ ಪತ್ರ ಕಳಿಸಿ. ಪತ್ರ ನಾಲ್ಕು ಸಾಲಿನದಾದರೆ ಸಾಕು: ‘ಸದರಿ ವ್ಯಕ್ತಿ ನಮ್ಮಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ವಾಹನದ ಕ್ಲೀನರ್ ಆಗಿದ್ದರು. ಮಕ್ಕಳೊಂದಿಗಿನ ಅವರ ವರ್ತನೆಯ ಬಗ್ಗೆ ಇಂಥ ದಿನ ಪಾಲಕರಿಂದ ದೂರು ಬಂದು, ಅವರನ್ನು ಕೆಲಸದಿಂದ ಬಿಡಿಸಲಾಯಿತು. ಆ ವಿಷಯವನ್ನು ಈಗ ಪೊಲೀಸರ ಗಮನಕ್ಕೆ ತರಲಾಗಿದೆ. ನಾವು ಈ ಹಿಂದೆ ಕೊಟ್ಟ ಪತ್ರವನ್ನೂ ದೂರವಾಣಿಯಲ್ಲಿ ಹೇಳಿದ ಮಾತನ್ನೂ ಹಿಂಪಡೆಯುತ್ತಿದ್ದೇವೆ.’ ಮಗುವಿನ ಹೆಸರು, ತರಗತಿ, ಊರು ಯಾವುದೂ ಅದರಲ್ಲಿರಬಾರದು. ಸದುದ್ದೇಶದಿಂದ ಪೊಲೀಸರಿಗೆ ಮಾಹಿತಿ ಕೊಟ್ಟವರಿಗೆ 19ನೆಯ ಪ್ರಕರಣವೇ ರಕ್ಷಣೆ ಕೊಟ್ಟಿದೆ. ಶಿಕ್ಷೆ ಇರುವುದು ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರಿಗೆ.

ಮುಂದಿನ ನೇಮಕಾತಿ ಆದೇಶಗಳಲ್ಲಿ ಎರಡು ಷರತ್ತುಗಳನ್ನು ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ಕೆಲಸ ಬಿಟ್ಟ ಮೇಲೆ ಬೇರೆ ಶಾಲೆ ಕೇಳಿದರೆ ಸೇವಾ ದಾಖಲೆಯ ಸತ್ಯ ಸಂಗತಿಗಳನ್ನು ತಿಳಿಸಲು ನೌಕರರ ಒಪ್ಪಿಗೆ ಇದೆ ಎಂಬುದು ಒಂದು. ಮಕ್ಕಳಿಗೆ ಸಂಬಂಧಿಸಿದ ದೂರಿನ ವಿಚಾರಣೆ ನಡೆಯುವಾಗ ರಾಜೀನಾಮೆ ಕೊಟ್ಟರೂ ವಿಚಾರಣೆ ಮುಗಿಸಿ ಫಲಿತಾಂಶವನ್ನು ಕಡತದಲ್ಲಿ ದಾಖಲಿಸಲಾಗುವುದು ಎಂಬುದು ಇನ್ನೊಂದು. ಎರಡನೆಯದರಿಂದ ತಪ್ಪು ಮಾಡದ ಶಿಕ್ಷಕರಿಗೂ ಲಾಭವಿದೆ, ಏಕೆಂದರೆ ‘ದೂರಿನಲ್ಲಿ ಹುರುಳಿಲ್ಲ’ ಎಂಬ ಒಂದು ಸಾಲು ಅವರ ಕೈಯಲ್ಲಿರುತ್ತದೆ, ಪಿಸುಮಾತು ಅವರನ್ನು ಊರೂರಿಗೆ ಹಿಂಬಾಲಿಸುವುದಿಲ್ಲ. ಗಾಡಿಯಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಕೊನೆಯ ಮಗು ಇಳಿಯುವವರೆಗೆ ಇರಲಿ. ಕ್ರೀಡಾಕೂಟಕ್ಕೆ ಹೋಗುವಾಗ ಯಾವ ಶಿಕ್ಷಕರೇ ಆಗಲಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದು ಬೇಡ.

ಗದಗದ ಹೆಡ್ ಮಾಸ್ತರರಿಗೂ ಇನ್ನೊಮ್ಮೆ ಫೋನ್ ಮಾಡಿ. ಈ ಸಲ ಅಭ್ಯರ್ಥಿಯ ಬಗ್ಗೆ ಏನೂ ಕೇಳಬೇಡಿ. ಅವರ ಮಂಡಳಿಗೆ ಪತ್ರ ಕಳಿಸಿದ್ದೇವೆ, ಅದರಲ್ಲಿ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇದೆ, ಸಂಗತಿಯನ್ನಷ್ಟೇ ಬರೆದರೆ ಕಾನೂನಿನ ರಕ್ಷಣೆಯಿದೆ ಎಂದು ತಿಳಿಸಿ. ನಮ್ಮಲ್ಲೇ ಕಳೆದ ವರ್ಷ ಒಂದು ತಪ್ಪು ಪತ್ರ ಹೋಗಿತ್ತು, ಅದನ್ನು ಈಗ ಹಿಂದಕ್ಕೆ ಪಡೆದಿದ್ದೇವೆ ಎಂಬುದನ್ನೂ, ಯಾರ ಹೆಸರನ್ನೂ ಎತ್ತದೆ, ಅವರಿಗೆ ಹೇಳಿ.